ಈಜು ಬಾರದವರು ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್ ಮಾಡಬಹುದೇ?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿರುವ ದಂಪತಿ. ಇಬ್ಬರಿಗೂ ಐವತ್ತು ಸಮೀಪಿಸುತ್ತಿದೆ, ಇಬ್ಬರಿಗೂ ಈಜು ಬಾರದು. ದಿನಕ್ಕೊಂದು ಊರು ಸುತ್ತುವ ಪ್ಯಾಕೇಜ್ ಪ್ರವಾಸ ಬೇಡವೆನಿಸಿದೆ. ಚಿಕ್ಕದೊಂದು ದ್ವೀಪದಲ್ಲಿ ಒಂದು ವಾರ ನೆಮ್ಮದಿಯಾಗಿದ್ದು, ಸ್ನಾರ್ಕೆಲಿಂಗ್ ಮಾಡಿ ಹವಳಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿದೆ. ಇದು ಸಾಧ್ಯವೇ? ಎಲ್ಲಿಗೆ, ಯಾವಾಗ ಹೋಗಬೇಕು?

ಉತ್ತರ: ಖಂಡಿತ ಸಾಧ್ಯ. ಲೈಫ್ ಜಾಕೆಟ್ ತೊಟ್ಟು ನೀರಿನ ಮೇಲೆ ಬೋರಲಾಗಿ ತೇಲುತ್ತ, ಕಣ್ಣು ಮೂಗುಗಳೆರಡನ್ನೂ ಮುಚ್ಚುವ ಮಾಸ್ಕಿನ ಗಾಜಿನಿಂದ ಕೆಳಗಿನದನ್ನು ನೋಡುತ್ತ, ಬಾಯಲ್ಲಿ ಕಚ್ಚಿಕೊಂಡ ಕೊಳವೆಯ ಮೂಲಕ ಉಸಿರಾಡುವುದಷ್ಟೇ ಸ್ನಾರ್ಕೆಲಿಂಗ್. ಆಳಕ್ಕೆ ಇಳಿಯುವ ಅಗತ್ಯವಿಲ್ಲ. ಸಮುದ್ರದ ಉಪ್ಪುನೀರು ಕೊಳದ ನೀರಿಗಿಂತ ಸುಲಭವಾಗಿ ದೇಹವನ್ನು ಎತ್ತಿ ಹಿಡಿಯುತ್ತದೆ. ಇಲ್ಲಿ ನಿಜವಾಗಿ ಬೇಕಾಗುವುದು ಮುಖವನ್ನು ನೀರಿನಲ್ಲಿಟ್ಟು ಗಾಬರಿಯಿಲ್ಲದೆ, ಬಾಯಿಂದ, ನಿಧಾನವಾಗಿ ಉಸಿರಾಡುವ ಅಭ್ಯಾಸ. ಅದನ್ನು ದ್ವೀಪಕ್ಕೆ ಹೋಗಿ ಕಲಿಯೋಣವೆಂದುಕೊಳ್ಳದೆ ಬೆಂಗಳೂರಿನಲ್ಲೇ ಕಲಿತು ಹೊರಡಿ ಎಂಬುದೇ ನನ್ನ ಮುಖ್ಯ ಸಲಹೆ.

ನಮ್ಮ ನಗರಕ್ಕೆ ಕಡಲಿಲ್ಲದಿದ್ದರೂ ಈಜುಕೊಳಗಳಿಗೆ ಬರವಿಲ್ಲ. ಬಸವನಗುಡಿಯ ಅಕ್ವಾಟಿಕ್ ಸೆಂಟರ್‌ನಂಥ ಹೆಸರಾಂತ ಕೇಂದ್ರಗಳಿಂದ ಹಿಡಿದು ಬಡಾವಣೆಗಳ ಕೊಳಗಳವರೆಗೆ ವಯಸ್ಕರಿಗೆ ಕಲಿಸುವ ಕಡೆಗಳು ಹಲವಿವೆ. ಒಳ್ಳೆಯ ಮಾಸ್ಕ್ ಮತ್ತು ಕೊಳವೆಯನ್ನು ಮೊದಲೇ ಕೊಂಡುಕೊಳ್ಳಿ. ಬಾಡಿಗೆಯ ಮಾಸ್ಕ್ ನಿಮ್ಮ ಮುಖಕ್ಕೆ ಹೊಂದುತ್ತದೆಂಬ ಭರವಸೆಯಿಲ್ಲ. ಅಂಗಡಿಯಲ್ಲೇ ಪರೀಕ್ಷಿಸುವುದು ಸುಲಭ: ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು, ಕೈಬಿಡಿ. ಮಾಸ್ಕ್ ಬೀಳದೆ ಅಂಟಿಕೊಂಡು ನಿಂತರೆ ಅದು ನಿಮ್ಮದು. ದಪ್ಪ ಮೀಸೆಯಿದ್ದರೆ ಸಿಲಿಕೋನ್ ಅಂಚಿನಡಿ ನೀರು ಜಿನುಗುತ್ತದೆ. ಕನ್ನಡಕ ಹಾಕುವವರು ಪವರ್ ಗ್ಲಾಸಿನ ಮಾಸ್ಕನ್ನೇ ಕೇಳಿ ಪಡೆಯಬೇಕು, ಏಕೆಂದರೆ ಕನ್ನಡಕದ ಕಡ್ಡಿ ಅಂಚಿನಡಿ ಸಿಕ್ಕರೆ ಮಾಸ್ಕ್ ಮುಚ್ಚಿಕೊಳ್ಳುವುದೇ ಇಲ್ಲ. ಇಡೀ ಮುಖವನ್ನು ಮುಚ್ಚುವ ಹೊಸ ಬಗೆಯ ಮಾಸ್ಕುಗಳನ್ನು ನಾನು ಸೂಚಿಸುವುದಿಲ್ಲ; ಗಾಬರಿಯಾದಾಗ ಬಾಯಿಂದ ಕೊಳವೆಯನ್ನು ಉಗುಳಿದಷ್ಟು ಸಲೀಸಾಗಿ ಅವನ್ನು ಕಳಚಲಾಗದು.

ಎದೆಮಟ್ಟದ ನೀರಿನಲ್ಲಿ ಕೊಳದ ಅಂಚು ಹಿಡಿದು ನಿಂತು, ಮುಖವನ್ನಷ್ಟೇ ಮುಳುಗಿಸಿ ಉಸಿರಾಡುವುದರಿಂದ ಆರಂಭಿಸಿ. ಮೊದಲಿಗೆ ಎಲ್ಲರೂ ಮೂಗಿನಿಂದ ಉಸಿರೆಳೆಯಲು ಹೋಗುತ್ತಾರೆ, ಮಾಸ್ಕ್ ಮುಖಕ್ಕೆ ಬಿಗಿಯಾಗುತ್ತದೆ, ಉಸಿರು ಕಟ್ಟಿದಂತಾಗುತ್ತದೆ. ಅದು ಸರಿಹೋದ ಮೇಲೆ ಎರಡು ಕೆಲಸಗಳನ್ನು ಕೈ ತಾನಾಗಿ ಮಾಡುವಷ್ಟು ರೂಢಿಸಿಕೊಳ್ಳಬೇಕು. ಕೊಳವೆಗೆ ನೀರು ನುಗ್ಗಿದರೆ ತುತ್ತೂರಿ ಊದುವಂತೆ ಬಲವಾಗಿ ಒಮ್ಮೆ ಊದಿ ಹೊರಹಾಕುವುದು ಒಂದು. ಮಾಸ್ಕಿನೊಳಗೆ ನೀರು ಸೇರಿದರೆ ತಲೆಯೆತ್ತಿ, ಅದರ ಕೆಳಅಂಚನ್ನು ತುಸು ಸಡಿಲಿಸಿ ನೀರನ್ನು ಹರಿಯಬಿಡುವುದು ಇನ್ನೊಂದು. ಇವೆರಡೂ ಬಂದವರಿಗೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಹೃದ್ರೋಗ, ಅಧಿಕ ರಕ್ತದೊತ್ತಡ ಅಥವಾ ಆಸ್ತಮಾ ಇದ್ದರೆ ವೈದ್ಯರನ್ನು ಕೇಳದೆ ಹೊರಡಬಾರದು. ಕೊಳವೆಯ ಮೂಲಕ ಉಸಿರಾಡುವಾಗ ದೇಹಕ್ಕೆ ಹೆಚ್ಚಿನ ಶ್ರಮವಾಗುತ್ತದೆ.

ಇನ್ನು ಜಾಗದ ಮಾತು. ನಿಮ್ಮಂಥವರಿಗೆ ನಾನು ಹೇಳುವುದು ಅಂಡಮಾನಿನ ಶಹೀದ್ ದ್ವೀಪವನ್ನು. 2018ರ ಕೊನೆಯಲ್ಲಿ ಹೆಸರು ಬದಲಾಗುವವರೆಗೆ ಅದು ನೀಲ್ ಐಲೆಂಡ್ ಆಗಿತ್ತು, ಈಗಲೂ ಬಹುತೇಕರು ಹಾಗೆಯೇ ಕರೆಯುತ್ತಾರೆ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆಯಲ್ಲಿ ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ ಎನಿಸಿಕೊಂಡಿರುವ ಪಟ್ಟಣವನ್ನು ತಲುಪಿ, ಅಲ್ಲಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆ ಸಾಗಬೇಕು. ಸುಮಾರು 14 ಚದರ ಕಿಲೋಮೀಟರಿನ ಈ ದ್ವೀಪದಲ್ಲಿ ತರಕಾರಿ ತೋಟಗಳು, ಬಾಳೆ, ಅಡಿಕೆ, ಬಂಗಾಳಿ ಮಾತಾಡುವ ಕೃಷಿಕ ಕುಟುಂಬಗಳು, ಸೈಕಲ್ಲಿನಲ್ಲೇ ಸುತ್ತಬಹುದಾದ ರಸ್ತೆಗಳಿವೆ. ಪಕ್ಕದ ಸ್ವರಾಜ್ ದ್ವೀಪ, ಅಂದರೆ ಹ್ಯಾವ್‌ಲಾಕ್, ಹೆಚ್ಚು ಪ್ರಸಿದ್ಧ. ರಾಧಾನಗರದ ಕಡಲತೀರ ಅಷ್ಟು ಸುಂದರವಾದದ್ದೇ. ಆದರೆ ಜನಸಂದಣಿಯೂ ಅಲ್ಲೇ ಹೆಚ್ಚು.

ಲಕ್ಷದ್ವೀಪದ ಹೆಸರೂ ನಿಮ್ಮ ಮನಸ್ಸಿನಲ್ಲಿರಬಹುದು. ಹವಳದ ದಿಬ್ಬಗಳು ಅಲೆಗಳನ್ನು ಹೊರಗೇ ತಡೆಯುವುದರಿಂದ ಅಲ್ಲಿನ ಲಗೂನಿನ, ಅಂದರೆ ದಿಬ್ಬಗಳ ಒಳಬದಿಯ ಕಡಲಿನ, ನೀರು ಬಹಳ ಶಾಂತವಾಗಿರುತ್ತದೆ, ಈಜು ಬಾರದವರಿಗೆ ಅದಕ್ಕಿಂತ ಸೌಮ್ಯವಾದ ಕಡಲು ನಮ್ಮ ದೇಶದಲ್ಲಿ ಸಿಗುವುದು ಕಷ್ಟ. ಆದರೆ ಪ್ರವೇಶಕ್ಕೆ ಅನುಮತಿ ಪತ್ರ ಬೇಕು, ತಂಗುವ ಜಾಗಗಳೂ ಕಡಿಮೆ. ಮುರುಡೇಶ್ವರದ ಬಳಿಯ ನಮ್ಮದೇ ನೇತ್ರಾಣಿಗೆ ದೋಣಿಯಲ್ಲಿ ಹೋಗಿ ಅಂದೇ ಮರಳಬೇಕು. ಅಲ್ಲಿ ಮರಳಿನ ತೀರವೂ ಇಲ್ಲ, ಉಳಿಯುವ ವ್ಯವಸ್ಥೆಯೂ ಇಲ್ಲ.

ಶಹೀದ್ ದ್ವೀಪದಲ್ಲಿ ಸ್ನಾರ್ಕೆಲಿಂಗ್ ನಡೆಯುವುದು ಮುಖ್ಯವಾಗಿ ಹಡಗು ನಿಲ್ಲುವ ಜೆಟ್ಟಿಯ ಪಕ್ಕದ ಭರತ್‌ಪುರ ತೀರದಲ್ಲಿ. ಅಲ್ಲಿ ಎಲ್ಲವೂ ಉಬ್ಬರ ಇಳಿತಗಳನ್ನು ಅವಲಂಬಿಸಿದೆ. ದಿನಕ್ಕೆರಡು ಬಾರಿ ಏರಿ ಎರಡು ಬಾರಿ ಇಳಿಯುವ ಕಡಲು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಸಾಗುತ್ತದೆ. ಪೂರ್ತಿ ಇಳಿದಾಗ ಹವಳದ ಮೇಲೆ ಮೊಣಕಾಲುದ್ದ ನೀರೂ ಉಳಿಯದ ಕಡೆಗಳಿರುತ್ತವೆ. ಆಗ ತೇಲಲೂ ಆಗದು, ನಡೆಯಲೂ ಬಾರದು. ನೀರು ಏರುತ್ತಿರುವಾಗ, ಉಬ್ಬರ ಪೂರ್ಣವಾಗುವುದಕ್ಕೆ ಒಂದೆರಡು ಗಂಟೆ ಮುಂಚಿನ ಅವಧಿ ನಿಮಗೆ ಹಿತ. ಮನೆಯ ಗೋಡೆಯ ಪಂಚಾಂಗ ಕ್ಯಾಲೆಂಡರ್ ಕೂಡ ಇಲ್ಲಿ ನೆರವಿಗೆ ಬರುತ್ತದೆ: ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ವಾರದ ನಡುಭಾಗ ಅಷ್ಟಮಿಗೆ ಬೀಳುವಂತೆ ಟಿಕೆಟ್ ಮಾಡಿಸಿದರೆ ಹೊಸಬರಿಗೆ ಅನುಕೂಲ.

ಸ್ಥಳೀಯ ಗೈಡ್ ಜೊತೆಗಿರಲೇಬೇಕು. ಅವರು ರಬ್ಬರಿನ ಟ್ಯೂಬೊಂದನ್ನು ಹಿಡಿಸಿ ನಿಮ್ಮನ್ನು ಎಳೆದೊಯ್ಯುತ್ತಾರೆ, ನೀವು ಕಾಲಾಡಿಸದಿದ್ದರೂ ನಡೆಯುತ್ತದೆ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಳ್ಳಿ. ಸಡಿಲವಿದ್ದರೆ ಅದು ಕಿವಿಯವರೆಗೆ ಏರಿ ತಲೆ ತಿರುಗಿಸಲೂ ಬಿಡುವುದಿಲ್ಲ. ಗುಂಪಿನೊಂದಿಗೆ ಅವಸರದ ಸುತ್ತು ಹಾಕುವ ಬದಲು ಗೈಡಿಗೆ ತುಸು ಹೆಚ್ಚು ಹಣ ಕೊಟ್ಟು ಒಂದೇ ಜಾಗದಲ್ಲಿ ತೇಲುತ್ತ ಇರಿ, ಒಂದೇ ಹವಳದ ಬಂಡೆಯನ್ನು ಹದಿನೈದು ನಿಮಿಷ ನೋಡಿ. ಮೊದಲು ಕಂದುಬಣ್ಣದ ಗುಡ್ಡೆಯಾಗಿ ಕಂಡದ್ದರಲ್ಲಿ ನಿಧಾನವಾಗಿ ಚಲನೆ ಗೋಚರಿಸತೊಡಗುತ್ತದೆ. ಹೂವಿನಂತೆ ಕಾಣುವ ಕಡಲಜೀವಿ ಸೀ ಅನಿಮೋನಿನ ಬೆರಳುಗಳ ನಡುವೆ ಕಿತ್ತಳೆ ಬಿಳಿ ಪಟ್ಟೆಯ ಮೀನು ನುಸುಳುತ್ತದೆ. ಬಂಡೆಯಲ್ಲಿ ಹುದುಗಿದ ದೈತ್ಯ ಕಪ್ಪೆಚಿಪ್ಪಿನ ನೀಲಿ ತುಟಿಗಳು ನಿಮ್ಮ ನೆರಳು ಬಿದ್ದೊಡನೆ ಒಳಸರಿಯುತ್ತವೆ. ಕಿವಿಗೆ ಕಟಕಟ ಎಂಬ ಸದ್ದು ಬೀಳುತ್ತಿರುತ್ತದೆ. ಪ್ಯಾರಟ್ ಫಿಶ್ ತನ್ನ ಕೊಕ್ಕಿನಂಥ ಹಲ್ಲುಗಳಿಂದ ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಸದ್ದು ಅದು. ಹವಳದ ಸುಣ್ಣವೂ ಅದರ ಹೊಟ್ಟೆ ಸೇರಿ, ನುಣ್ಣನೆಯ ಪುಡಿಯಾಗಿ ಹೊರಬೀಳುತ್ತದೆ. ನೀವು ಮಲಗಿ ವಿಶ್ರಮಿಸುವ ಬಿಳಿ ಮರಳಿನಲ್ಲಿ ಅದರದೂ ಪಾಲಿದೆ.

ಎಲ್ಲವೂ ಬಣ್ಣಬಣ್ಣವಾಗಿ ಕಾಣುತ್ತದೆಂದು ನಿರೀಕ್ಷಿಸಬೇಡಿ. ಕಡಲು ಮಿತಿಮೀರಿ ಬಿಸಿಯಾದಾಗ, ತನ್ನೊಳಗಿದ್ದು ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಹವಳ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅಂಡಮಾನಿನಲ್ಲಿ 2010ರಲ್ಲಿ, ಮತ್ತೆ 2016ರಲ್ಲಿ ಹೀಗಾಗಿ ಬಹಳ ಹಾನಿಯಾಯಿತು. ಬೂದುಬಣ್ಣದ ಮುರುಕು ತುಂಡುಗಳ ರಾಶಿಗಳು ಅಲ್ಲಲ್ಲಿ ಕಾಣುತ್ತವೆ. ಕೊಳದ ಅಭ್ಯಾಸಕ್ಕೆ ನಾನು ಇಷ್ಟೊಂದು ಒತ್ತು ಕೊಡುವುದು ಈ ಕಾರಣಕ್ಕೂ ಹೌದು. ಗಾಬರಿಯಾದವರು ಮೊದಲು ಮಾಡುವುದು ಕಾಲು ಕೆಳಗೆ ಬಿಟ್ಟು ನಿಲ್ಲಲು ನೋಡುವುದು, ಮತ್ತು ಕಾಲಿಗೆ ಸಿಗುವುದು ಹವಳ. ಗುಂಡುಬಂಡೆಯಂಥ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುತ್ತವೆ. ಒಂದು ಹೆಜ್ಜೆಯಲ್ಲಿ ಮುರಿದದ್ದು ಮತ್ತೆ ಬೆಳೆಯಲು ಎಷ್ಟೋ ವರ್ಷಗಳು ಬೇಕು. ನಿಮ್ಮ ಕಾಲಿಗೂ ಒಳ್ಳೆಯದಲ್ಲ: ಹವಳದ ಗೀರು ಬೇಗ ಮಾಯುವುದಿಲ್ಲ, ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಸಂದಿಗಳಲ್ಲೇ ಕುಳಿತಿರುತ್ತದೆ. ಮೈಗೆ ಸನ್‌ಸ್ಕ್ರೀನ್ ಬಳಿಯುವುದಕ್ಕಿಂತ ಉದ್ದ ತೋಳಿನ ಈಜುಡುಗೆ ತೊಡುವುದು ಲೇಸು. ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿರುವುದು ಹವಳಕ್ಕಾಗುವ ಹಾನಿಯ ಕಾರಣದಿಂದಲೇ.

ದ್ವೀಪದ ದಿನಚರಿಗೆ ನಿಮ್ಮ ಗಡಿಯಾರವನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಅಲ್ಲಿ ಬೆಳಗಾಗುತ್ತದೆ, ಕತ್ತಲೂ ಬೇಗ ಕವಿಯುತ್ತದೆ. ಸೀತಾಪುರದಲ್ಲಿ ಸೂರ್ಯೋದಯ, ಲಕ್ಷ್ಮಣ್‌ಪುರದಲ್ಲಿ ಸೂರ್ಯಾಸ್ತ; ಇಳಿತದ ಹೊತ್ತಿನಲ್ಲಿ ಕಲ್ಲಿನ ಸಹಜ ಸೇತುವೆಯವರೆಗೆ ನಡೆದು ಹೋಗಿ ಬಂಡೆಗುಂಡಿಗಳಲ್ಲಿ ಉಳಿದ ನೀರಿನ ಜೀವಿಗಳನ್ನು ನೋಡುವುದು. ಸ್ನಾರ್ಕೆಲಿಂಗನ್ನು ದಿನ ಬಿಟ್ಟು ದಿನ ಇಟ್ಟುಕೊಂಡರೆ ಸಾಕು. ಒಬ್ಬರೇ ನೀರಿಗಿಳಿಯುವುದು, ಜೀವರಕ್ಷಕರಿಲ್ಲದ ಕಡೆ ಆಳಕ್ಕೆ ಹೋಗುವುದು ಬೇಡವೇ ಬೇಡ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕಿನಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕವಿರುವ ತೊರೆಬಾಯಿಗಳಿಂದ ದೂರವಿರಿ, ಸಂಜೆಯ ಮೇಲೆ ನೀರಿಗಿಳಿಯಬೇಡಿ.

ಕಾಲ ಯಾವುದೆಂದರೆ, ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ. ಮೇ ತಿಂಗಳಿನಿಂದ ಮುಂಗಾರಿನ ಗಾಳಿಗೆ ಕಡಲು ಕದಡುತ್ತದೆ, ನೀರು ತಿಳಿಯಾಗಿರುವುದಿಲ್ಲ. ಹಡಗಿನ ಟಿಕೆಟನ್ನು ವಿಮಾನದ ಟಿಕೆಟ್ ಜೊತೆಗೇ ಕಾಯ್ದಿರಿಸಿ, ಮತ್ತು ಮರಳುವ ವಿಮಾನದ ಹಿಂದಿನ ದಿನವೇ ಶ್ರೀ ವಿಜಯಪುರಂಗೆ ಬಂದುಬಿಡಿ. ಗಾಳಿ ಜೋರಾದರೆ ಹಡಗು ರದ್ದಾಗುತ್ತದೆ. ಹೊರಡುವಾಗ ಚೀಲದಲ್ಲಿ ಹವಳದ ಚೂರು ಇರದಂತೆ ನೋಡಿಕೊಳ್ಳಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ದಡದಲ್ಲಿ ಬಿದ್ದಿದ್ದ ಸತ್ತ ತುಂಡೆಂದು ಹೇಳಿದರೂ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅದು ಅಪರಾಧವೇ. ಚಿಪ್ಪುಗಳನ್ನೂ ಅಲ್ಲೇ ಬಿಟ್ಟು ಬನ್ನಿ.