ಪದ ಪರಿಚಯ: ರದ್ದಾದ ಮಾನವ ಯಾನ

ಚಂದ್ರನ ಮೇಲೆ ಮನುಷ್ಯರು ಕೊನೆಯ ಸಲ ಇಳಿದದ್ದು 1972ರ ಡಿಸೆಂಬರ್‌ನಲ್ಲಿ, ಅಮೆರಿಕದ ಅಪೊಲೊ 17ರಲ್ಲಿ. ಧಾರವಾಡದ ವಿಜ್ಞಾನ ಕೇಂದ್ರ ನೋಡಿಕೊಂಡು ಬಂದ ತಂಗಿಯ ಮಗ ನನ್ನನ್ನು ಕೇಳಿದ: "ಮಾಮಾ, ಹದಿನೇಳ ಆತು, ಹದಿನೆಂಟ ಎಲ್ಲಿ ಹೋತು?" ಒಳ್ಳೆ ಪ್ರಶ್ನೆ. 18, 19, 20 ಮೂರೂ ಪಟ್ಟಿಯಲ್ಲಿದ್ದವು. ಆ ನಂಬರಿನಲ್ಲಿ ಒಂದೂ ಹಾರಲಿಲ್ಲ.

ಇಂಥವನ್ನೇ ರದ್ದಾದ ಯಾನ ಅನ್ನುವುದು. ಆದರೆ ಕಾಗದದ ಮೇಲಿನ ಕನಸೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ. ಮಂಗಳಕ್ಕೆ ಮನುಷ್ಯರನ್ನು ಕಳಿಸೋಣ ಎಂದು ಬರೆದ ವರದಿಗಳು ಎಷ್ಟೋ ಇವೆ. ಅವು ಬರೀ ಯೋಜನೆಗಳು. ಯಾನ ಅಂದಮೇಲೆ ಅದಕ್ಕೊಂದು ಹೆಸರೋ ನಂಬರೋ ಇರಬೇಕು, ರಾಕೆಟ್ ಯಾವುದೆಂದು ಗೊತ್ತಾಗಿರಬೇಕು, ಹೋಗುವವರು ಯಾರೆಂದು ಸುಮಾರಾಗಿ ತಿಳಿದಿರಬೇಕು. ಇದು ನಾನು ಹಾಕಿಕೊಂಡ ಗೆರೆ.

ತಡವಾಗುವುದೂ ಬೇರೆ ವಿಷಯ. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಗಾಡಿ ನಾಲ್ಕು ತಾಸು ಲೇಟ್ ಅಂದರೆ ಬೈಯುತ್ತಾ ಕೂರುತ್ತೇವೆ. ಕ್ಯಾನ್ಸಲ್ ಅಂದರೆ ದುಡ್ಡು ವಾಪಸ್ ಕೇಳಲು ಏಳುತ್ತೇವೆ. 2018ರಲ್ಲಿ ಘೋಷಣೆಯಾದ ಗಗನಯಾನಕ್ಕೆ 2022ರ ಗುರಿ ಇತ್ತು. ಗುರಿ ಮುಂದಕ್ಕೆ ಹೋಯಿತು, ಯಾನ ರದ್ದಾಗಲಿಲ್ಲ.

ಅಪೊಲೊ ಕಥೆಯಲ್ಲಿ ಒಂದು ತಮಾಷೆಯಿದೆ. ಚಂದ್ರನಿಗೆ ಹೋಗಲು ಬೇಕಾದ ಸ್ಯಾಟರ್ನ್ 5 ರಾಕೆಟ್‌ಗಳನ್ನು 15ಕ್ಕಿಂತ ಜಾಸ್ತಿ ಕಟ್ಟುವುದು ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣವನ್ನು ಹಾರಿಸಲು ಅದರಲ್ಲೇ ಒಂದು ಬೇಕಾಯಿತು. ಹಾಗಾಗಿ 1970ರ ಜನವರಿಯಲ್ಲಿ ಅಪೊಲೊ 20 ರದ್ದಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಹಣದ ಬಿಗಿಯಿಂದ ಇನ್ನೆರಡಕ್ಕೆ ಕತ್ತರಿ ಬಿತ್ತು. ಆ ಎರಡು 18 ಮತ್ತು 19 ಅಲ್ಲ, 15 ಮತ್ತು 19! ಉಳಿದವಕ್ಕೆ ಹೊಸ ನಂಬರ್ ಕೊಟ್ಟರು. ಅಂದರೆ 1972ರಲ್ಲಿ ಹಾರಿದ 17, ಹಳೆಯ ಪಟ್ಟಿಯ 18.

ಯಾನ ರದ್ದಾದರೂ ಅದರ ಜನ, ಅದರ ಸಾಮಾನು ಎಲ್ಲೋ ಒಂದು ಕಡೆ ಸೇರಲೇಬೇಕಲ್ವಾ? ಭೂವಿಜ್ಞಾನಿ ಹ್ಯಾರಿಸನ್ ಸ್ಮಿಟ್ ಅವರಿಗೆ 17ರ ಮುಂದಿನ ಯಾನದಲ್ಲಿ ಜಾಗ ಸಿಗುವ ನಿರೀಕ್ಷೆಯಿತ್ತು. ಅದು ಇಲ್ಲವಾದಾಗ, ಒಬ್ಬ ವಿಜ್ಞಾನಿಯಾದರೂ ಚಂದ್ರನಿಗೆ ಹೋಗಲೇಬೇಕು ಎಂಬ ಒತ್ತಾಯ ಬಂತು. ಅವರನ್ನು 17ಕ್ಕೆ ಸೇರಿಸಿದರು. ಜಾಗ ಬಿಟ್ಟುಕೊಟ್ಟವರು ಜೋ ಎಂಗಲ್. ಚಂದ್ರ ಕೈತಪ್ಪಿದ ಅವರು 1981ರಲ್ಲಿ ಶಟಲ್ ಹಾರಿಸಿದರು, ಅಂದರೆ ಹೋಗಿ ಬಂದು ಮತ್ತೆ ಹಾರಬಲ್ಲ ಅಮೆರಿಕದ ಬಾಹ್ಯಾಕಾಶ ನೌಕೆ. ಮಿಕ್ಕ ರಾಕೆಟ್ ಭಾಗಗಳು ಹ್ಯೂಸ್ಟನ್‌ನಲ್ಲಿ ಅಡ್ಡ ಮಲಗಿವೆ, ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಾರೆ.

ಸೋವಿಯತ್ ಕಡೆ ಕಾರಣ ಬೇರೆ. ಚಂದ್ರನಿಗೆಂದು ಕಟ್ಟಿದ ಅವರ ಎನ್1 ರಾಕೆಟ್ 1969ರಿಂದ 1972ರವರೆಗೆ ನಾಲ್ಕು ಸಲ ಹಾರಲು ಹೋಗಿ ನಾಲ್ಕೂ ಸಲ ಸೋತಿತು. ಚಂದ್ರನ ಮೇಲೆ ಇಳಿಯಲು ತಯಾರಿ ನಡೆಸಿದ್ದ ಅಲೆಕ್ಸಿ ಲಿಯೊನೊವ್ ಭೂಮಿಯ ಸುತ್ತಲೇ ಉಳಿದರು.

ನಮ್ಮದೂ ಒಂದಿದೆ. ಯಾಕೋ ಇದರ ಮಾತು ಕಡಿಮೆ. ಇನ್ಸಾಟ್-1ಬಿ ಉಪಗ್ರಹವನ್ನು 1983ರಲ್ಲಿ ಅಮೆರಿಕದ ಶಟಲ್ ಹೊತ್ತೊಯ್ದಿತ್ತು. ಇನ್ಸಾಟ್-1ಸಿ ಕೂಡ ಹಾಗೇ ಹೋಗಬೇಕಿತ್ತು, 1986ರ ಸೆಪ್ಟೆಂಬರ್‌ನಲ್ಲಿ, ಎಸ್‌ಟಿಎಸ್-61-ಐ ಎಂಬ ಯಾನದಲ್ಲಿ. ಜೊತೆಗೆ ಇಸ್ರೊದ ಒಬ್ಬ ಎಂಜಿನಿಯರ್ ಕೂಡ ಹೋಗುವುದೆಂದು ಒಪ್ಪಂದವಾಗಿತ್ತು. ಆ ಒಂದು ಸೀಟಿಗೆ ಎನ್. ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಆಯ್ಕೆಯಾಗಿದ್ದರು, ಒಬ್ಬರು ಹೋಗಲು, ಇನ್ನೊಬ್ಬರು ಬದಲಿಗೆ. ನಂಬರಿತ್ತು, ತಿಂಗಳಿತ್ತು, ಜನರೂ ಇದ್ದರು.

1986ರ ಜನವರಿ 28ರಂದು ಚಾಲೆಂಜರ್ ಎಂಬ ಶಟಲ್ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ತೀರಿಕೊಂಡರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಯಾವ ಶಟಲ್ಲೂ ಹಾರಲಿಲ್ಲ. ಇಂಥ ಉಪಗ್ರಹಗಳನ್ನು ಶಟಲ್‌ನಲ್ಲಿ ಒಯ್ಯುವ ಪದ್ಧತಿಯನ್ನೂ ಅಮೆರಿಕ ಕೈಬಿಟ್ಟಿತು. ಇನ್ಸಾಟ್-1ಸಿ 1988ರ ಜುಲೈನಲ್ಲಿ ಯುರೋಪಿನ ಏರಿಯಾನ್ ರಾಕೆಟ್ ಏರಿತು. ಆ ರಾಕೆಟ್ಟಿನಲ್ಲಿ ಮನುಷ್ಯರಿಗೆ ಸೀಟಿಲ್ಲ.

ಭಾರತದ ಪ್ರಜೆಯಾಗಿ ಬಾಹ್ಯಾಕಾಶಕ್ಕೆ ಹೋದ ಮೊದಲಿಗ ರಾಕೇಶ್ ಶರ್ಮಾ, 1984ರಲ್ಲಿ. ಎರಡನೆಯವರು ಶುಭಾಂಶು ಶುಕ್ಲಾ, 2025ರಲ್ಲಿ. ನಡುವೆ 41 ವರ್ಷ. 61-ಐ ಹಾರಿದ್ದರೆ ಆ ಅಂತರ ಎರಡೂವರೆ ವರ್ಷವೂ ಆಗುತ್ತಿರಲಿಲ್ಲ.