ಹವಳದ ಫೋಟೋ ಬರೀ ನೀಲಿ ಬರುತ್ತಿದೆಯಾ?

ಹೋದ ತಿಂಗಳು ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಮನೆಗೆ ಟ್ಯಾಂಕಿನ ಫೋಟೋ ತೆಗೆಯಲು ಹೋಗಿದ್ದೆ. ಹಾಲ್‌ನಲ್ಲಿ ನಾಲ್ಕಡಿ ಉದ್ದದ ಉಪ್ಪುನೀರಿನ ಟ್ಯಾಂಕ್. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಅಣಬೆಯಂತೆ ಅರಳಿದ ಮಶ್ರೂಮ್ ಹವಳಗಳು. ಮನೆಯಾಕೆ ಮೊಬೈಲ್ ಮುಂದೆ ಹಿಡಿದರು. "ನೋಡಿ ಸಾರ್, ಎದುರಿಗೆ ಎಷ್ಟು ಚೆಂದ ಕಾಣತ್ತೆ. ಉಡುಪಿಯಲ್ಲಿರೋ ಅಮ್ಮನಿಗೆ ಫೋಟೋ ಕಳಿಸಿದ್ರೆ, ಬರೀ ನೀಲಿ ಬಂದಿದೆಯಲ್ಲ ಮಗಾ ಅಂತಾರೆ."

ನಾನು ಹೋದಲ್ಲೆಲ್ಲ ಕೇಳುವ ಮಾತು ಇದು. ತಪ್ಪು ಮೊಬೈಲಿನದ್ದಲ್ಲ, ಬೆಳಕಿನದ್ದು.

ಹವಳದ ಟ್ಯಾಂಕಿಗೆ ಹಾಕುವ ಎಲ್‌ಇಡಿಯಲ್ಲಿ ನೀಲಿಯೇ ಜಾಸ್ತಿ, 450 ನ್ಯಾನೋಮೀಟರ್ ಆಸುಪಾಸಿನದು. ಹವಳದ ಮೈಯೊಳಗೆ ಬದುಕುವ ಪಾಚಿಗೆ ಆ ಬೆಳಕು ಬೇಕು. ಜೊತೆಗೆ ಹವಳದಲ್ಲಿರುವ ಕೆಲವು ಪ್ರೋಟೀನ್‌ಗಳು ನೀಲಿಯನ್ನು ಹೀರಿಕೊಂಡು ಹಸಿರು, ಕಿತ್ತಳೆ, ಕೆಂಪು ಬೆಳಕನ್ನು ಹೊರಬಿಡುತ್ತವೆ. ಇವತ್ತು ಲ್ಯಾಬ್‌ಗಳಲ್ಲಿ ಜೀವಕೋಶ ಗುರುತಿಸಲು ಬಳಸುವ ಕೆಂಪು ಪ್ರೋಟೀನ್ ಒಂದಿದೆ. 1999ರಲ್ಲಿ ಅದು ಸಿಕ್ಕಿದ್ದು ಡಿಸ್ಕೋಸೋಮಾದಲ್ಲಿ, ಅಂದರೆ ಇದೇ ಮಶ್ರೂಮ್ ಹವಳದಲ್ಲಿ. ನಮ್ಮ ಕಣ್ಣು ನೀಲಿಗೆ ಬೇಗ ಒಗ್ಗಿಕೊಂಡು ಆ ಹೊಳಪನ್ನು ನೋಡುತ್ತದೆ. ಬೆಳಕಿಗೆ ತಕ್ಕಂತೆ ಬಣ್ಣ ಸರಿಮಾಡುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್‌ಗೆ ಅದು ಆಗುವುದಿಲ್ಲ. ನೀಲಿ ತುಂಬಿ ಚೆಲ್ಲಿ, ಉಳಿದ ಬಣ್ಣ ಮುಳುಗುತ್ತದೆ. ಆಮೇಲೆ ಎಷ್ಟು ಎಡಿಟ್ ಮಾಡಿದರೂ ವಾಪಸ್ ಬರುವುದಿಲ್ಲ.

ಆದ್ದರಿಂದ ನೀಲಿಯನ್ನು ಲೆನ್ಸ್‌ನ ಬಾಗಿಲಲ್ಲೇ ತಡೆಯಬೇಕು. ಮೊಬೈಲಿಗೆ ಸಿಕ್ಕಿಸುವ ಕಿತ್ತಳೆ ಅಥವಾ ಹಳದಿ ಫಿಲ್ಟರ್ ಸಾಕು. ಎಕ್ಸ್‌ಪೋಷರ್, ಅಂದರೆ ಫೋಟೋದ ಬೆಳಕು, ಸ್ವಲ್ಪ ಕೆಳಗಿಳಿಸಿ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಚಿತ್ರ) ಸಿಗುವ ಕ್ಯಾಮೆರಾ ಇದ್ದರೆ ಅದರಲ್ಲೇ ತೆಗೆಯಿರಿ.

ಉಳಿದದ್ದು ಗಾಜಿನ ವಿಷಯ. ಒಳಗಿನ ಪಾಚಿ, ಹೊರಗಿನ ಬೆರಳಚ್ಚು ಎರಡನ್ನೂ ಒರೆಸಿ. ಮುಂಬೈಯ ಫ್ಲ್ಯಾಟ್‌ಗಳಲ್ಲಿ ಟ್ಯಾಂಕಿನ ಎದುರಿಗೇ ಬಾಲ್ಕನಿ ಇರುತ್ತದೆ, ಪರದೆ ಎಳೆಯಿರಿ, ಹಾಲ್‌ನ ಲೈಟ್ ಆರಿಸಿ. ಲೆನ್ಸ್ ಗಾಜಿಗೆ ನೇರವಾಗಿ ಇರಲಿ. ಓರೆಯಾಗಿ ಹಿಡಿದರೆ ಬೆಳಕು ಬಾಗಿ ಚಿತ್ರ ಕಲಸಿಹೋಗುತ್ತದೆ. ಹವಳದ ಫೋಟೋ ತೆಗೆಯುವಾಗ ಮಾತ್ರ, ಅದು ಅಲುಗಾಡದಂತೆ ನೀರಿನ ಪಂಪು ಹತ್ತು ನಿಮಿಷ ಆಫ್ ಮಾಡಿ, ಮೊಬೈಲಲ್ಲಿ ಅಲಾರಂ ಇಟ್ಟುಕೊಂಡೇ ಮಾಡಿ. ಮರೆತರೆ ನೀರಿನಲ್ಲಿ ಆಮ್ಲಜನಕ ಇಳಿದು ಮೀನು ಒದ್ದಾಡುತ್ತವೆ.

ಮೀನಿಗೆ ತಾಳ್ಮೆ ಬೇಕು. ಕ್ಲೌನ್ ತನ್ನ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಅದರ ಹಿಂದೆ ಕ್ಯಾಮೆರಾ ಓಡಿಸಬೇಡಿ. ಅದು ಮತ್ತೆ ಮತ್ತೆ ಬರುವ ಜಾಗಕ್ಕೆ ಫೋಕಸ್ ಇಟ್ಟು ಕಾಯಿರಿ. ಶಟರ್ ವೇಗ 1/200 ಸೆಕೆಂಡ್ ಇರಲಿ, ಮೀನಿನ ಕಣ್ಣು ಚೂಪಾಗಿ ಬರಲಿ. ಎದುರಿಂದ ಫ್ಲ್ಯಾಶ್ ಬೇಡವೇ ಬೇಡ. ಗಾಜಿನಲ್ಲಿ ಬಿಳಿ ಚುಕ್ಕೆ ಬೀಳುತ್ತದೆ, ಮೀನೂ ಬೆಚ್ಚುತ್ತದೆ.

ಅಂದಹಾಗೆ, ಕಲ್ಲು ಹವಳಗಳು, ಅಂದರೆ ಗಟ್ಟಿ ಸುಣ್ಣದ ಅಸ್ಥಿಪಂಜರ ಕಟ್ಟುವ ಹವಳಗಳು, 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿ, ಅಂದರೆ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ ಇವೆ. ನಮ್ಮ ಸಮುದ್ರದಿಂದ ಕಿತ್ತು ತಂದದ್ದು ಅಂತ ಗೊತ್ತಾದರೆ ನಾನು ಕ್ಯಾಮೆರಾ ಬ್ಯಾಗಿನಿಂದ ತೆಗೆಯುವುದೇ ಇಲ್ಲ.

ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಚೆಂದದ ಫೋಟೋ ಆದ ಮೇಲೆ ನೀಲಿ ಕಡಿಮೆ ಮಾಡಿ, ಬಿಳಿ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ. ವಾರಕ್ಕೊಮ್ಮೆ, ಅದೇ ಜಾಗದಿಂದ. ಹವಳ ಬಿಳುಚುವಾಗ ಒಳಗಿನ ಪಾಚಿ ಹೋದರೂ ಹೊಳೆಯುವ ಪ್ರೋಟೀನ್ ಎಷ್ಟೋ ಸಲ ಉಳಿದಿರುತ್ತದೆ. ನೀಲಿಯಲ್ಲಿ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಬಿಳಿ ಬೆಳಕು ನಿಜ ಹೇಳುತ್ತದೆ.

ಡೊಂಬಿವಲಿಯ ಆ ಮನೆಯಲ್ಲೂ ಹೀಗೇ ಆಯಿತು. ಕಿತ್ತಳೆ ಫಿಲ್ಟರ್ ಹಾಕಿ ತೆಗೆದ ಫೋಟೋ ನೋಡಿ ಅವರು ಖುಷಿಯಾಗಿ ಅಮ್ಮನಿಗೆ ಕಳಿಸಿದರು. ಬಿಳಿ ಬೆಳಕಿನ ಫೋಟೋ ದೊಡ್ಡದು ಮಾಡಿ ನೋಡಿದರೆ, ಎಲ್ಲಕ್ಕಿಂತ ಮೇಲಿದ್ದ ಮಶ್ರೂಮಿನ ಅಂಚು ಮಾಸಿತ್ತು. ಲೈಟಿಗೆ ತೀರಾ ಹತ್ತಿರ ಇತ್ತು ಅದು. ಅವತ್ತೇ ಕೆಳಗಿನ ಕಲ್ಲಿನ ನೆರಳಿಗೆ ಇಳಿಸಿದೆವು.