ಸಿಗಡಿ ಸಿಪ್ಪೆಯಿಂದ ಗಾಯದ ಪಟ್ಟಿ

"ಗಾಳಿಗೆ ಬಿಡು, ಒಣಗಲಿ." ಗಾಯ ಆದಾಗ ಈ ಮಾತು ಕೇಳದವರಿಲ್ಲ. 1962ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾರ್ಜ್ ವಿಂಟರ್ ಈ ನಂಬಿಕೆಯನ್ನು ಅಲುಗಾಡಿಸಿದರು. ಹಂದಿಗಳ ಚರ್ಮದ ಮೇಲಿನ ಸಣ್ಣ ಗಾಯಗಳಲ್ಲಿ ಕೆಲವನ್ನು ತೆರೆದಿಟ್ಟರು, ಕೆಲವನ್ನು ತೆಳು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿ ಹಸಿಯಾಗಿಟ್ಟ ಕಡೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡಿತು. ಚರ್ಮದ ಕೋಶಗಳು ಗಾಯದ ಅಂಚಿನಿಂದ ತೆವಳುತ್ತಾ ಬರುತ್ತವೆ. ಮೇಲೆ ಒಣ ಹಕ್ಕಳೆ ಕಟ್ಟಿದ್ದರೆ, ತೇವ ಇರುವ ಕಡೆಯೇ ದಾರಿ ಮಾಡಿಕೊಂಡು ಅದರಡಿ ನುಸುಳಬೇಕು. ಅದಕ್ಕೇ ತಡ.

ಹೈಡ್ರೋಜೆಲ್ ಪಟ್ಟಿ ಕೊಡುವುದು ಈ ತೇವವನ್ನೇ. ಎಳನೀರಿನ ತೆಳು ಗಂಜಿ ಕೈಯಲ್ಲಿ ಹಿಡಿದರೆ ಹೇಗಿರುತ್ತದೋ ಹಾಗೇ ಇದು: ಮೆತ್ತಗೆ, ತಣ್ಣಗೆ. ಉದ್ದುದ್ದ ಅಣುಗಳು ಹೆಣೆದುಕೊಂಡು ನೀರನ್ನು ಹಿಡಿದಿರುತ್ತವೆ. ಎಷ್ಟೋ ಜೆಲ್‌ಗಳ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಬಟ್ಟೆ ಪಟ್ಟಿ ಬಿಚ್ಚುವಾಗ ಗಾಯಕ್ಕೆ ಅಂಟಿದ ಹೊಸ ಚರ್ಮವೂ ಕಿತ್ತು ಬರುತ್ತದೆ. ಜೆಲ್‌ಗೆ ಆ ಕಾಟ ಇಲ್ಲ.

ಆದರೆ ಹಸಿ ಜಾಗ ಅಂದರೆ ಬ್ಯಾಕ್ಟೀರಿಯಾಗಳಿಗೂ ಇಷ್ಟ, ಅಲ್ವಾ? ಹಾಗಾಗಿ ಜೆಲ್ ಒಳಗೇ ಅವನ್ನು ಕೊಲ್ಲುವ ವಸ್ತು ಸೇರಿಸುತ್ತಾರೆ. ಬೆಳ್ಳಿಯ ಅಯಾನು, ಅಂದರೆ ವಿದ್ಯುತ್ ಆವೇಶ ಹೊತ್ತ ಬೆಳ್ಳಿಯ ಕಣ, ಹಳೆಯ ದಾರಿ. ಅದು ಅತಿಯಾದರೆ ನಮ್ಮ ಚರ್ಮದ ಕೋಶಗಳಿಗೂ ಪೆಟ್ಟು.

ಇನ್ನೊಂದು ದಾರಿ ನಮ್ಮ ಕರಾವಳಿಗೆ ಬಹಳ ಹತ್ತಿರದ್ದು. ಕಾರವಾರದ ಬೈತಖೋಲದಂಥ ಬಂದರಿನಲ್ಲಿ ಮೀನು ವಿಂಗಡಿಸುವವರ ಬೆರಳುಗಳನ್ನು ಗಮನಿಸಿ. ಸಿಗಡಿಯ ತಲೆಯ ಮೇಲೆ ಹಲ್ಲುಹಲ್ಲಾದ ಮುಳ್ಳಿರುತ್ತದೆ, ಚುಚ್ಚಿದರೆ ಉಪ್ಪುನೀರಲ್ಲಿ ಉರಿಯೋ ಉರಿ. ಆ ಮುಳ್ಳು, ಸಿಪ್ಪೆ, ಏಡಿಯ ಚಿಪ್ಪು ಎಲ್ಲದರಲ್ಲೂ ಇರುವುದು ಕೈಟಿನ್ ಎಂಬ ಗಟ್ಟಿ ವಸ್ತು. ಸಿಪ್ಪೆಯನ್ನು ಆಮ್ಲದಲ್ಲಿ ಹಾಕಿ ಸುಣ್ಣದ ಅಂಶ ತೆಗೆದು, ಕ್ಷಾರದಲ್ಲಿ ಪ್ರೋಟೀನ್ ತೆಗೆದು, ಮತ್ತೆ ಬಿಸಿ ಗಟ್ಟಿ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್ ಸಿಗುತ್ತದೆ. ವಿನೆಗರ್‌ನಂಥ ತೆಳು ಆಮ್ಲದಲ್ಲಿ ಕರಗಿ ಮಂದವಾಗುವ ಇದರಿಂದ ಜೆಲ್ ಮಾಡಬಹುದು.

ಆಮ್ಲದಲ್ಲಿ ಕೈಟೋಸಾನ್‌ಗೆ ಧನ ಆವೇಶ ಬರುತ್ತದೆ. ಬ್ಯಾಕ್ಟೀರಿಯಾದ ಹೊರಮೈ ಮೇಲಿರುವುದು ಋಣ ಆವೇಶ. ಎರಡೂ ಅಂಟಿಕೊಂಡಾಗ ಅದರ ಪೊರೆ ಹದಗೆಟ್ಟು ಒಳಗಿನದೆಲ್ಲ ಸೋರುತ್ತದೆ. ತೊಡಕೂ ಇಲ್ಲೇ ಇದೆ. ಸೋಂಕಾದ ಗಾಯ ಕ್ಷಾರದ ಕಡೆ ವಾಲುತ್ತದೆ, ಅಲ್ಲಿ ಈ ಆವೇಶ ತಗ್ಗುತ್ತದೆ. ಜೆಲ್ ತೀರಾ ಬೇಕಾದ ಕಡೆಯೇ ಅದರ ಜೋರು ಕಡಿಮೆ! ಅದಕ್ಕೆ ರಸಾಯನ ವಿಜ್ಞಾನಿಗಳು ಕೈಟೋಸಾನ್‌ಗೆ ಯಾವಾಗಲೂ ಧನ ಆವೇಶ ಹೊತ್ತಿರುವ ಗುಂಪುಗಳನ್ನು ಜೋಡಿಸುತ್ತಾರೆ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ ಕೆಲಸ ಇದು.

ಯಾರಿಗೆ ಇದು ಬೇಕು? ಮುಖ್ಯವಾಗಿ ಸಕ್ಕರೆ ಕಾಯಿಲೆಯವರಿಗೆ. ಶಿರಸಿ ಕಡೆ ಮಳೆಗಾಲದಲ್ಲಿ ಬರಿಗಾಲಲ್ಲಿ ತೋಟ ಸುತ್ತುವವರ ಪಾದದಲ್ಲಿ ಈ ಕಾಯಿಲೆಯಿಂದ ಸ್ಪರ್ಶವೇ ಕಡಿಮೆಯಾಗಿದ್ದರೆ, ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಅಂಥ ಗಾಯದಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿ ಅದರೊಳಗೆ ಕೂರುತ್ತವೆ, ಮಾತ್ರೆಗೆ ಸುಲಭಕ್ಕೆ ಬಗ್ಗುವುದಿಲ್ಲ. ಆಗ ಮೊದಲು ವೈದ್ಯರು ಕೊಳೆತ ಭಾಗ ತೆಗೆದು ತೊಳೆಯಬೇಕು, ಪಟ್ಟಿ ಆಮೇಲೆ. ತುಂಬಾ ಸೋರುವ ಗಾಯಕ್ಕೆ ನೀರು ತುಂಬಿದ ಜೆಲ್ ಸಲ್ಲದು, ಸುತ್ತಲಿನ ಚರ್ಮ ನೆನೆದು ಬಿಳುಚುತ್ತದೆ.

ಸಿಗಡಿ ತಿಂದರೆ ಮೈ ತುರಿಸುವವರಿಗೆ ಈ ಪಟ್ಟಿ ಆಗುತ್ತದಾ? ಅಲರ್ಜಿ ತರುವುದು ಮುಖ್ಯವಾಗಿ ಅದರ ಮಾಂಸದ ಪ್ರೋಟೀನ್, ಕೈಟೋಸಾನ್ ಅಲ್ಲ. ಆದರೂ ಪಟ್ಟಿ ಹಾಕುವ ಮೊದಲೇ ವೈದ್ಯರಿಗೆ ತಿಳಿಸಿಬಿಡಿ.